ಬಣ್ಣದ ಋಣ

ಕೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಕೇಳುತ್ತದೆ. ಬೇಡ, ನಿಜ. ಆದರೆ ಮುಖದ ಮೊಡವೆಗೆ ಕನ್ನಡಿ ಬೇಕೇ ಬೇಕು. ಮನುಷ್ಯನ ಒಡೆತನಕ್ಕೆ ಸೇರಿದ ವಸ್ತುಗಳಲ್ಲಿ ಮುಖದಷ್ಟು ವಿಚಿತ್ರವಾದುದು ಬೇರೊಂದಿಲ್ಲ. ಅದು ಅವನದೇ, ಆದರೆ ಅವನಿಗೆ ಅದು ಕಾಣದು. ಹಗಲೆಲ್ಲ ಅದನ್ನು ನೋಡಿ ಅನುಭವಿಸುವವರು ನೆರೆಹೊರೆಯವರು. ಅದಕ್ಕೆ ತೆರಬೇಕಾದ ಕಂದಾಯ ಮಾತ್ರ ಒಡೆಯನ ಪಾಲಿನದು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಂದಾಯ ತುಸು ಹೆಚ್ಚು.

ಮೈಸೂರಿನ ಹಳೆಯ ಬಡಾವಣೆಯೊಂದರ ಹೆಂಚಿನ ಮನೆಯಲ್ಲಿ ಈ ಕಂದಾಯದ ಲೆಕ್ಕ ಒಂದು ವರ್ಷ ಬಲು ಬಿರುಸಾಗಿ ನಡೆಯಿತು. ಮನೆಯ ಯಜಮಾನರು ಬ್ಯಾಂಕಿನ ನೌಕರರು. ಗೃಹಿಣಿ ಪ್ರೌಢಶಾಲೆಯೊಂದರ ಉಪಾಧ್ಯಾಯಿನಿ. ಒಬ್ಬಳೇ ಮಗಳಿಗೆ 19 ವರ್ಷ, ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಎಂಟನೆಯ ವಯಸ್ಸಿಗೆ ಕಾಲಿಗೆ ಗೆಜ್ಜೆ ಕಟ್ಟಿದವಳು, ಹನ್ನೊಂದು ವರ್ಷ ತಪ್ಪದೆ ಭರತನಾಟ್ಯ ಕಲಿತವಳು. ನಡುಮನೆಯ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಕುಳಿತು ದಿನಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಜಾಹೀರಾತಿನವರೆಗೆ ಓದುವವರು ತಾತ. ವಯಸ್ಸು 86. ಹನ್ನೆರಡನೆಯ ವಯಸ್ಸಿನಲ್ಲಿ ಮನೆ ಬಿಟ್ಟು ನಾಟಕ ಕಂಪನಿ ಸೇರಿ, ಇಪ್ಪತ್ತು ವರ್ಷ ಊರೂರು ಅಲೆದು, ಕಂಪನಿಯ ಪರದೆ ಬಿದ್ದ ಮೇಲೆ ಮೈಸೂರಿಗೆ ಬಂದು ಸಣ್ಣ ನೌಕರಿ ಹಿಡಿದವರು. ಆ ಇಪ್ಪತ್ತು ವರ್ಷಗಳ ಮಾತನ್ನು ಅವರು ತಾವಾಗಿ ಎತ್ತುತ್ತಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಹುಡುಗಿಯ ರಂಗಪ್ರವೇಶವೆಂದು ನಿಶ್ಚಯವಾಗಿದ್ದಿತು. ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿತ್ತು. ಮೃದಂಗದವರು, ಕೊಳಲಿನವರು, ಹಾಡುವವರು ದಿನ ಗುರುತು ಹಾಕಿಕೊಂಡಿದ್ದರು. ಬ್ಯಾಂಕಿನ ನೌಕರರು ಸಾಲ ಕೊಡುವುದರಲ್ಲಿ ನಿಪುಣರಾದರೂ ಸಾಲ ಮಾಡುವುದರಲ್ಲಿ ಅಂಜುಬುರುಕರು; ಆದರೂ ಮಗಳಿಗಾಗಿ ಅದನ್ನೂ ಮಾಡಿದ್ದರು. ಎಲ್ಲವೂ ಸಿದ್ಧವಾಗಿದ್ದಿತು, ಮುಖವೊಂದನ್ನು ಬಿಟ್ಟು.

ಅದು ಒಂದು ದಿನದಲ್ಲಿ ಬಂದ ವಿಪತ್ತಲ್ಲ. ಹಿಂದಿನ ವರ್ಷ ಕಾಲೇಜಿನ ಉತ್ಸವದಲ್ಲಿ ಗೆಳತಿಯರು ಆಕೆಯ ಮುಖಕ್ಕೆ ಏನೇನೋ ಹಚ್ಚಿ ಕನ್ನಡಿ ತೋರಿಸಿದಾಗ ಆಕೆಗೆ ತನ್ನ ಮುಖವೇ ಹೊಸದಾಗಿ ಕಂಡಿತು. ಆಮೇಲೆ ದೂರವಾಣಿಯ ಪರದೆಯ ಮೇಲೆ ಕಾಣುವ ಚೆಲುವೆಯರು ಗುರುಗಳಾದರು. ಒಂದೊಂದಾಗಿ ಡಬ್ಬಿಗಳು ಬಂದವು. ಮೊದಲು ಹಚ್ಚಬೇಕಾದ ಪ್ರೈಮರ್, ಅದರ ಮೇಲೆ ಫೌಂಡೇಶನ್, ಕಲೆ ಮುಚ್ಚುವ ಕನ್ಸೀಲರ್, ಮೆರುಗು ಇಳಿಸುವ ಕಾಂಪ್ಯಾಕ್ಟ್, ಇವೆಲ್ಲವೂ ಜಾರದಂತೆ ಹಿಡಿದಿಡಲು ಕಡೆಯಲ್ಲೊಂದು ತುಂತುರು. ಗೋಡೆಗೆ ಗಾರೆ ಬಳಿದು, ಸುಣ್ಣ ಹೊಡೆದು, ಬಣ್ಣ ಬಳಿಯುವವನ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಹಚ್ಚಿದ್ದು ಕಾಲೇಜು, ನೃತ್ಯಾಭ್ಯಾಸ, ಬೆವರು ಎಲ್ಲವನ್ನೂ ದಾಟಿ ರಾತ್ರಿಯವರೆಗೆ ನಿಲ್ಲುತ್ತಿತ್ತು. ದಣಿದು ಬಂದ ರಾತ್ರಿಗಳಲ್ಲಿ ದಿಂಬಿನವರೆಗೂ ನಿಲ್ಲುತ್ತಿತ್ತು.

ಎರಡು ಮೂರು ತಿಂಗಳು ಏನೂ ಆಗಲಿಲ್ಲ. ಆಮೇಲೆ ಕೆನ್ನೆಯಲ್ಲಿ, ಗಲ್ಲದಲ್ಲಿ, ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಬಣ್ಣ ಚರ್ಮದ್ದೇ, ಗಾತ್ರ ಉಪ್ಪಿಟ್ಟಿನ ರವೆಯಷ್ಟು. ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವಂಥವು. ಅವನ್ನು ಮುಚ್ಚಲು ಆಕೆ ಒಂದು ಪದರ ಹೆಚ್ಚು ಹಚ್ಚಿದಳು. ಪದರ ಹೆಚ್ಚಿದಂತೆ ಗುಳ್ಳೆ ಹೆಚ್ಚಿತು. ಗುಳ್ಳೆ ಹೆಚ್ಚಿದಂತೆ ಪದರ ಹೆಚ್ಚಿತು. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವ ಗೃಹಸ್ಥನ ಪಾಡು ಎಲ್ಲರಿಗೂ ಅರ್ಥವಾಗುತ್ತದೆ. ಇದೂ ಅದೇ.

ಮನೆಯಲ್ಲಿ ರೋಗವೊಂದು ಕಾಲಿಟ್ಟರೆ ವೈದ್ಯರು ಹತ್ತು ಮಂದಿ ಹುಟ್ಟಿಕೊಳ್ಳುವುದು ವಾಡಿಕೆ. ಕರಿದ ತಿಂಡಿಯೇ ಕಾರಣವೆಂದು ತಾಯಿ ಬೋಂಡ, ಬಜ್ಜಿಗಳನ್ನು ನಿಲ್ಲಿಸಿದರು. ಮೈಯ ಉಷ್ಣವೆಂದು ಪಕ್ಕದ ಮನೆಯವರು ಎಳನೀರು ಹೇಳಿದರು. ಕೊಳೆ ಕೂತಿದೆಯೆಂದು ಗೆಳತಿಯೊಬ್ಬಳು ಒರಟು ಪುಡಿಯಿಂದ ಉಜ್ಜಲು ಹೇಳಿದಳು. ಹುಡುಗಿ ತಾಮ್ರದ ಚೊಂಬನ್ನು ಬೆಳಗುವಂತೆ ಕೆನ್ನೆಯನ್ನು ಉಜ್ಜಿಕೊಂಡಳು. ಕಡೆಗೆ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಬಂದ ಅತ್ತೆ ತಮ್ಮ ಕೈಚೀಲದಿಂದ ಒಂದು ಸಣ್ಣ ಟ್ಯೂಬನ್ನು ತೆಗೆದರು. ‘‘ವೈದ್ಯರ ಹತ್ತಿರ ಹೋಗಬೇಕಿಲ್ಲ ಕಣೆ. ನಮ್ಮ ಬೀದಿಯ ಔಷಧದ ಅಂಗಡಿಯವನೇ ಕೊಡುತ್ತಾನೆ. ವಾರದೊಳಗೆ ಮುಖ ಬೆಣ್ಣೆಯ ಹಾಗೆ ಆಗುತ್ತೆ’’ ಎಂದರು.

ಅತ್ತೆಯವರ ಮಾತು ಸುಳ್ಳಾಗಲಿಲ್ಲ. ವಾರದೊಳಗೆ ಮುಖ ಬೆಣ್ಣೆಯಾಯಿತು. ಗುಳ್ಳೆಗಳು ಇಳಿದವು, ಬಣ್ಣ ತಿಳಿಯಾಯಿತು. ಆಗಸ್ಟಿನ ಕೊನೆಯಲ್ಲಿ ಆಹ್ವಾನಪತ್ರಿಕೆಗೆಂದು ಛಾಯಾಚಿತ್ರ ತೆಗೆಸಿದರು. ಅರಮಂಡಿಯಲ್ಲಿ ನಿಂತು ಕಟಕಾಮುಖ ಹಿಡಿದ ಹುಡುಗಿಯ ಮುಖ ಹುಣ್ಣಿಮೆಯಂತೆ ಇದ್ದಿತು. ತಂದೆ ಆ ಚಿತ್ರವನ್ನು ಬ್ಯಾಂಕಿನಲ್ಲೆಲ್ಲ ತೋರಿಸಿದರು. ತಾತ ಮಾತ್ರ ಅದನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘‘ಬೆಳಕು ಚೆನ್ನಾಗಿ ಬಿದ್ದಿದೆ’’ ಎಂದಷ್ಟೇ ಹೇಳಿ ಹಿಂದಕ್ಕೆ ಕೊಟ್ಟರು.

ಸೆಪ್ಟೆಂಬರಿನ ಮೊದಲ ವಾರದಲ್ಲಿ ಟ್ಯೂಬು ಮುಗಿಯಿತು. ಆ ವೇಳೆಗೆ ಆಕೆ ಅದನ್ನು ಹಚ್ಚಲಾರಂಭಿಸಿ ಆರು ವಾರಗಳ ಮೇಲಾಗಿತ್ತು. ಹತ್ತಿರದ ಅಂಗಡಿಯಲ್ಲಿ ಆ ವಾರ ಅದು ಸಿಗಲಿಲ್ಲ. ನಾಲ್ಕನೆಯ ದಿನ ಮುಖ ಉರಿಯತೊಡಗಿತು. ಆರನೆಯ ದಿನ ಕೆನ್ನೆಗಳು ಕಾದ ಹಂಚಿನಂತೆ ಕೆಂಪೇರಿದವು. ಹತ್ತನೆಯ ದಿನ ಹಿಂದೆಂದೂ ಇಲ್ಲದಷ್ಟು ಗುಳ್ಳೆಗಳು, ಈ ಸಲ ಕೀವು ತುಂಬಿದವು, ಒಟ್ಟೊಟ್ಟಿಗೆ ಎದ್ದುನಿಂತವು. ತಣ್ಣೀರು ಸೋಕಿದರೂ ಉರಿ. ಬಿಸಿಲಿಗೆ ಹೋದರೂ ಉರಿ.

ಹುಡುಗಿ ಕಾಲೇಜು ಬಿಟ್ಟಳು. ಊಟವನ್ನು ಕೋಣೆಗೇ ತರಿಸಿಕೊಂಡಳು. ಕೋಣೆಯ ಕನ್ನಡಿಯ ಮೇಲೆ ಒಂದು ಹಳೆಯ ದುಪಟ್ಟಾ ಹೊದಿಸಿದಳು. ನೃತ್ಯದ ಗುರುಗಳು ಫೋನು ಮಾಡಿ, ‘‘ರಂಗದ ಮೇಲೆ ದಪ್ಪ ಬಣ್ಣ ಹಾಕಿದರೆ ಏನೂ ಕಾಣದು, ಯೋಚಿಸಬೇಡ’’ ಎಂದು ಧೈರ್ಯ ಹೇಳಿದರೆ, ಆ ಧೈರ್ಯವೇ ಆಕೆಯನ್ನು ಅಳಿಸಿತು. ಒಂದು ರಾತ್ರಿ ತಾಯಿಯ ಮುಂದೆ, ‘‘ಅಮ್ಮ, ನಿಲ್ಲಿಸಿಬಿಡಿ. ಆ ಪತ್ರಿಕೆಯ ಮೇಲಿರುವವಳು ನಾನಲ್ಲ. ಜನ ಬಂದು ಅವಳನ್ನು ಹುಡುಕುತ್ತಾರೆ’’ ಎಂದಳು. ತಂದೆ ಮುಂಗಡದ ಹಣವನ್ನು ಮನಸ್ಸಿನಲ್ಲೇ ಕೂಡಿಸಿ, ಬಾಯಲ್ಲಿ ‘‘ಹಣ ಹೋದರೆ ಹೋಗಲಿ’’ ಎಂದರು. ಹನ್ನೊಂದು ವರ್ಷ ಹೋದರೆ ಹೋಗಲಿ ಎನ್ನುವ ಎದೆಗಾರಿಕೆ ಯಾರಿಗೂ ಬರಲಿಲ್ಲ.

ಆಗ ಮಾತಾಡಿದವರು ತಾತ. ‘‘ಊರಲ್ಲಿ ಚರ್ಮದ ವೈದ್ಯರೇ ಇಲ್ಲವೇನಯ್ಯ?’’ ಎಂದು ಮಗನನ್ನು ಕೇಳಿದರು. ಅಷ್ಟು ಜನ ಸೇರಿ ಅಷ್ಟು ತಿಂಗಳು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದೊಂದೇ.

ವೈದ್ಯೆ ಐವತ್ತರ ಆಸುಪಾಸಿನವರು. ಮುಖದಲ್ಲಿ ಕುಂಕುಮವೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಹುಡುಗಿಯನ್ನು ನೋಡಿದವರೇ, ‘‘ಮುಖಕ್ಕೂ ತಲೆಗೂ ಏನೇನು ಹಚ್ಚುತ್ತೀಯೋ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ನಾಳೆ ಬಾ’’ ಎಂದು ಕಳುಹಿಸಿದರು. ಮರುದಿನ ಮೇಜಿನ ಮೇಲೆ ಚೀಲ ಬರಿದಾದಾಗ ಇಪ್ಪತ್ತಮೂರು ವಸ್ತುಗಳಾದವು. ತಾಯಿಗೆ ನಾಚಿಕೆಯಾಯಿತು. ವೈದ್ಯೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ತರಕಾರಿಯನ್ನು ಆರಿಸುವಂತೆ ಅವರು ಅವನ್ನೆಲ್ಲ ಮೂರು ಗುಡ್ಡೆ ಮಾಡಿದರು; ಗುಡ್ಡೆ ಮಾಡುತ್ತಲೇ ವಿವರಿಸಿದರು.

ಚರ್ಮದ ಪ್ರತಿಯೊಂದು ಸಣ್ಣ ರಂಧ್ರವೂ ಒಂದು ಕೂದಲಿನ ಬಾವಿ. ಅದರ ಬದಿಯಲ್ಲಿ ಎಣ್ಣೆಯ ಗ್ರಂಥಿಯಿದೆ. ಗ್ರಂಥಿಯ ಜಿಡ್ಡು ಬಾವಿಯ ಮೂಲಕ ಮೇಲಕ್ಕೆ ಬರಬೇಕು; ಬಾವಿಯ ಗೋಡೆಯಿಂದ ಉದುರುವ ಹಳೆಯ ಪೊರೆಯೂ ಅದರೊಡನೆ ಹೊರಗೆ ಹೋಗಬೇಕು. ಕೆಲವು ಎಣ್ಣೆಗಳು, ಮೇಣಗಳು ಆ ಪೊರೆಯನ್ನು ಅಂಟುಅಂಟಾಗಿಸಿ ಬಾವಿಯ ಬಾಯಿಗೆ ಬೆಣೆ ಹೊಡೆಯುತ್ತವೆ. ಬೆಣೆಯ ಬಾಯಿ ಮುಚ್ಚಿದ್ದರೆ ಬಿಳಿಯ ಗುಳ್ಳೆ, ತೆರೆದಿದ್ದರೆ ಕಪ್ಪು ಚುಕ್ಕೆ. ಆ ಕಪ್ಪು ಕೊಳೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಗಾಳಿ ಸೋಕಿ ಕಪ್ಪಾದದ್ದು. ಆದ್ದರಿಂದ ಎಷ್ಟು ಉಜ್ಜಿದರೂ ಅದು ಹೋಗದು. ಉಜ್ಜಿದವರ ಚರ್ಮ ಹೋದೀತು. ಮುಚ್ಚಿದ ಬಾವಿಯೊಳಗೆ ಬ್ಯಾಕ್ಟೀರಿಯಾಗಳು ಬೆಳೆದು ಗೋಡೆ ಒಡೆದಾಗ ಕೆಂಪು ಗುಳ್ಳೆ, ಕೀವು.

‘‘ಈ ಬೆಣೆ ಒಂದು ದಿನದಲ್ಲಿ ಆಗುವುದಿಲ್ಲಮ್ಮ’’ ಎಂದರು ವೈದ್ಯೆ. ‘‘ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಯಾರೂ ಕಳ್ಳನನ್ನು ಹಿಡಿಯುವುದಿಲ್ಲ. ಇವತ್ತು ಎದ್ದ ಮೊಡವೆಗೆ ನಿನ್ನೆ ತಿಂದ ಬಜ್ಜಿಯನ್ನು ಬೈಯುತ್ತಾರೆ. ತಪ್ಪು ಮಾಡಿದ್ದು ಎರಡು ತಿಂಗಳ ಹಿಂದಿನ ಡಬ್ಬಿ.’’

ಪ್ರಸಾಧನದಿಂದ ಹುಟ್ಟುವ ಈ ಮೊಡವೆಗೆ ವೈದ್ಯಶಾಸ್ತ್ರದಲ್ಲಿ ‘ಆಕ್ನಿ ಕಾಸ್ಮೆಟಿಕಾ’ ಎಂಬ ಹೆಸರನ್ನಿಟ್ಟವರು ಅಮೆರಿಕದ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಓಟೋ ಮಿಲ್ಸ್, ವರ್ಷ 1972. ಯಾವ ವಸ್ತು ಬೆಣೆ ಹೊಡೆಯುತ್ತದೆಂದು ಅರಿಯಲು ಅವರು ಹಿಡಿದದ್ದು ಮೊಲದ ಕಿವಿಯನ್ನು. ಕಿವಿಯ ಒಳಬದಿಗೆ ದಿನವೂ ಒಂದು ವಸ್ತುವನ್ನು ಹಚ್ಚಿ, ಕೆಲವು ವಾರಗಳ ಮೇಲೆ ರಂಧ್ರಗಳನ್ನು ಪರೀಕ್ಷಿಸುವುದು. ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ನಿನ ಕೆಲವು ಬಗೆಗಳು, ಬ್ಯೂಟೈಲ್ ಸ್ಟಿಯರೇಟ್, ಹಲವು ಸಸ್ಯಜನ್ಯ ಎಣ್ಣೆಗಳು ಅಲ್ಲಿ ಸಿಕ್ಕಿಬಿದ್ದವು. ಮೊಲದ ಕಿವಿ ಮನುಷ್ಯನ ಕೆನ್ನೆಗಿಂತ ಸುಕುಮಾರವಾದುದರಿಂದ ಅದರ ತೀರ್ಪು ಎಲ್ಲರಿಗೂ ಒಪ್ಪುವುದಿಲ್ಲ. ಇನ್ನು ಡಬ್ಬಿಯ ಮೇಲೆ ‘ನಾನ್ ಕಾಮೆಡೊಜೆನಿಕ್’ ಎಂದು ಅಚ್ಚುಹಾಕುವುದುಂಟು; ರಂಧ್ರ ಮುಚ್ಚದು ಎಂದು ಅದರ ಅರ್ಥ. ಆ ಮಾತನ್ನು ಅಳೆಯಲು ಕಾನೂನಿನ ಕೋಲು ಮಾತ್ರ ಇಲ್ಲ. ತನ್ನ ಮಗ ಬಹಳ ಸಾಧು ಎಂದು ತಾಯಿ ಹೇಳಿದಾಗ ನಂಬುವಷ್ಟು ನಂಬಬಹುದು.

ಮೊದಲ ಗುಡ್ಡೆಯಲ್ಲಿ ಬೆಣೆ ಹೊಡೆಯುವ ದಪ್ಪ ಲೇಪಗಳು ಕುಳಿತವು. ಅವುಗಳ ಪಕ್ಕದಲ್ಲೇ ವೈದ್ಯೆ ತಲೆಗೆ ಹಚ್ಚುವ ಎಣ್ಣೆಯ ಶೀಶೆಯನ್ನೂ ಇಟ್ಟಾಗ ತಾಯಿ ಬೆಚ್ಚಿಬಿದ್ದರು. ಮಗಳ ಹಣೆಯ ಅಂಚಿನ ಗುಳ್ಳೆಗಳ ಮೂಲ ಅದೇ ಆಗಿತ್ತು. ಎಣ್ಣೆ ಕೂದಲಿಂದ ಹಣೆಗೆ ಇಳಿಯುತ್ತದೆ, ಬೆವರು ಅದನ್ನು ಹರಡುತ್ತದೆ. ಎರಡನೆಯ ಗುಡ್ಡೆ ಸುಗಂಧ, ಸಂರಕ್ಷಕ ದ್ರವ್ಯಗಳು ಹೆಚ್ಚಾಗಿದ್ದವುಗಳದು. ಇವುಗಳಿಂದ ಬರಬಹುದಾದದ್ದು ಮೊಡವೆಯಲ್ಲ, ಅಲರ್ಜಿ. ಅದರ ಲಕ್ಷಣ ನವೆ, ಊತ, ಸಿಪ್ಪೆ ಏಳುವುದು. ಹಚ್ಚಿದ ಒಂದೆರಡು ದಿನಗಳಲ್ಲೇ ಕಾಣಿಸುತ್ತದೆ. ಸಂದೇಹವಿದ್ದರೆ ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆಗಳ ಮೇಲೆ ನೋಡುವ ಪರೀಕ್ಷೆಯುಂಟು. ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ರಾಸಾಯನಿಕದಿಂದ ಹಣೆಯ ನಡುವೆ ಬಿಳಿಯ ಮಚ್ಚೆ ಮೂಡಿಸಿಕೊಂಡ ಹೆಂಗಸರು ಭಾರತದ ಚರ್ಮವೈದ್ಯರ ಬಳಿಗೆ ದಶಕಗಳಿಂದ ಬರುತ್ತಿದ್ದಾರೆ. ಅರಿಸಿನ, ಸುಣ್ಣಗಳಿಂದ ಕುಂಕುಮ ಮಾಡುತ್ತಿದ್ದ ಅಜ್ಜಿಯರಿಗೆ ಆ ಕಷ್ಟವಿರಲಿಲ್ಲ.

ಮೂರನೆಯ ಗುಡ್ಡೆಯಲ್ಲಿ ಒಂದೇ ಒಂದು ವಸ್ತುವಿತ್ತು. ಅತ್ತೆಯವರ ಟ್ಯೂಬು, ಹಿಂಡಿ ಹಿಂಡಿ ಚಪ್ಪಟೆಯಾದದ್ದು. ವೈದ್ಯೆ ಅದರ ಬೆನ್ನಿನ ಸಣ್ಣ ಅಕ್ಷರಗಳನ್ನು ಹುಡುಗಿಯಿಂದಲೇ ಓದಿಸಿದರು. ಮೂರು ಔಷಧಗಳ ಹೆಸರಿದ್ದವು, ಅವುಗಳಲ್ಲೊಂದು ಸ್ಟೀರಾಯ್ಡು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರ್ಕಾರ 2018ರಲ್ಲಿ ನಿಯಮ ಬಿಗಿಮಾಡಿದೆ. ಕಾಯಿಲೆಗೆ ತಕ್ಕಂತೆ, ದಿನ ಎಣಿಸಿ ಹಚ್ಚಿದರೆ ಅದು ಅಮೃತ. ಮುಖದ ಕ್ರೀಮೆಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಹಿಗ್ಗಿ, ಔಷಧ ನಿಂತೊಡನೆ ಅದುಮಿಟ್ಟಿದ್ದೆಲ್ಲ ದುಪ್ಪಟ್ಟಾಗಿ ಏಳುತ್ತದೆ. ‘‘ಇದು ರೋಗವನ್ನು ಓಡಿಸಲಿಲ್ಲ ಮಗು, ಬಾಯಿ ಕಟ್ಟಿ ಕೂರಿಸಿತ್ತು ಅಷ್ಟೆ. ಈಗ ಕಟ್ಟು ಬಿಚ್ಚಿದೆ’’ ಎಂದರು ವೈದ್ಯೆ.

ಚಿಕಿತ್ಸೆ ಕೇಳುವುದಕ್ಕೆ ಸುಲಭವಾಗಿತ್ತು. ಬಣ್ಣ ಪೂರ್ತಿ ನಿಲ್ಲಬೇಕು. ದಿನಕ್ಕೆರಡು ಸಲ ಮೆದು ಸಾಬೂನಿನಿಂದ ತೊಳೆದು, ಒತ್ತಿ ಒರಸಬೇಕು. ಮೊದಲ ವಾರಗಳಲ್ಲಿ ಉರಿಯಿಳಿಸುವ ಔಷಧ. ಉರಿ ತಗ್ಗಿದ ಮೇಲೆ ರಾತ್ರಿ ಹೊತ್ತು ಬಟಾಣಿ ಕಾಳಿನಷ್ಟು ಅಡಾಪಲೀನ್. ಬಿಸಿಲಿಗೆ ಜಿಡ್ಡಿಲ್ಲದ ಲೇಪ. ಗುಳ್ಳೆಗೆ ಬೆರಳು ತಾಗಿಸಕೂಡದು. ‘‘ಮೊದಲು ಇನ್ನೂ ಕೆಡುತ್ತದೆ, ಆಗ ಹೆದರಿ ಟ್ಯೂಬಿನ ಹತ್ತಿರ ಹೋಗಬೇಡ. ಆರು ವಾರಕ್ಕೆ ದಾರಿಗೆ ಬರುತ್ತದೆ. ಕಲೆಗಳು ಮಾಸಲು ಮತ್ತೂ ಹೆಚ್ಚು ಕಾಲ ಬೇಕು.’’

ಹುಡುಗಿ ಬೆರಳು ಮಡಿಚಿ ಎಣಿಸಿದಳು. ರಂಗಪ್ರವೇಶಕ್ಕೆ ಉಳಿದದ್ದು ಹನ್ನೊಂದು ವಾರ. ‘‘ಅವತ್ತು ಬಣ್ಣ ಹಾಕಿಕೊಳ್ಳಬಹುದೆ ಡಾಕ್ಟರೇ?’’ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ನಿಲ್ಲಿಸಿಬಿಡಿ ಎಂಬ ಮಾತು ಕರಗಿಹೋಗಿದ್ದುದನ್ನು ತಾಯಿ ಗಮನಿಸಿದರು.

‘‘ಧಾರಾಳವಾಗಿ. ಒಂದು ಸಂಜೆಯ ಬಣ್ಣ ಯಾರ ಮುಖವನ್ನೂ ಕೆಡಿಸಿಲ್ಲ. ಕೆಡಿಸುವುದು ದಿನದ ಬಣ್ಣ, ಅದಕ್ಕಿಂತ ಹೆಚ್ಚಾಗಿ ತೆಗೆಯದ ಬಣ್ಣ.’’

ಆ ರಾತ್ರಿ ಊಟವಾದ ಮೇಲೆ ತಾತ ಮೊಮ್ಮಗಳನ್ನು ತಮ್ಮ ಕೋಣೆಗೆ ಕರೆದರು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಎಳೆಸಿದರು. ಅದರ ತಳದಲ್ಲಿ, ಹಳೆಯ ಕರಪತ್ರಗಳ ಅಡಿಯಲ್ಲಿ, ತುಕ್ಕು ಹಿಡಿದ ಮೂರು ಡಬ್ಬಿಗಳಿದ್ದವು. ‘‘ಮುಚ್ಚಳ ತೆಗೆಯಬೇಡ, ನೋಡು ಸಾಕು’’ ಎಂದರು. ಒಂದು ಸಫೇದ, ಆ ಹೆಸರಿನಲ್ಲಿ ಸತುವಿನ ಬಿಳಿಯೂ ಬರುತ್ತಿತ್ತು, ಸೀಸದ ಬಿಳಿಯೂ ಬರುತ್ತಿತ್ತು, ಯಾವುದೆಂದು ಕೇಳುವವರಿರಲಿಲ್ಲ. ಎರಡನೆಯದು ಇಂಗಳೀಕ, ಪಾದರಸ ಗಂಧಕಗಳ ಕೆಂಪು. ಮೂರನೆಯದು ಅರದಾಳ, ಆರ್ಸೆನಿಕ್ಕಿನ ಹಳದಿ. ಯಕ್ಷಗಾನದ ಚೌಕಿಯಿಂದ ದೊಡ್ಡಾಟದ ಅಟ್ಟದವರೆಗೆ ಕನ್ನಡನಾಡಿನ ರಾಜರು, ರಾಕ್ಷಸರು, ದೇವತೆಗಳು ಮೂಡಿದ್ದು ಇಂಥ ಹುಡಿಗಳಿಂದಲೇ. ಕೊಬ್ಬರಿ ಎಣ್ಣೆಯಲ್ಲಿ ಕಲಸುವುದು, ಹಚ್ಚುವುದು. ಇದು ಕನ್ನಡಿಗರ ಅಜ್ಞಾನವೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಪ್ರಖ್ಯಾತ ರೂಪವತಿ, ಕವೆಂಟ್ರಿಯ ಕೌಂಟೆಸ್ ಮರಿಯಾ ಗನಿಂಗ್ 1760ರಲ್ಲಿ ತೀರಿಕೊಂಡಾಗ, ಆಕೆ ಮೆತ್ತಿಕೊಳ್ಳುತ್ತಿದ್ದ ಸೀಸದ ಬಿಳಿಯೇ ಕಾರಣವೆಂದು ಜನ ಆಡಿಕೊಂಡರು. ಭಾರತದ 2020ರ ಪ್ರಸಾಧನ ನಿಯಮಗಳು ಸೀಸ, ಆರ್ಸೆನಿಕ್ಕಿನ ಬಣ್ಣಗಳನ್ನು ನಿಷೇಧಿಸಿವೆ. ಪಾದರಸ ತಿಳಿಯದೆ ಸೇರಿದರೂ, ಕಣ್ಣಿನ ಪ್ರಸಾಧನಗಳನ್ನು ಬಿಟ್ಟು ಉಳಿದವುಗಳಲ್ಲಿ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಕೂಡದೆಂದು ಗೆರೆ ಎಳೆದಿವೆ.

ತಾತ ನಿಧಾನವಾಗಿ ಹೇಳಿದರು. ಅವರು ಕಂಪನಿ ಸೇರಿದಾಗ ಸ್ತ್ರೀಪಾತ್ರಕ್ಕೆ ನಟಿಯರು ಬಂದಾಗಿತ್ತು. ಆದರೂ ಆ ಕಂಪನಿಯಲ್ಲಿ ಹಳೆಯ ಸ್ತ್ರೀಪಾತ್ರಧಾರಿಯೊಬ್ಬರು ಉಳಿದಿದ್ದರು. ಜನ ಅವರನ್ನು ನೋಡಲೆಂದೇ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹನ್ನೆರಡು ವರ್ಷದ ಹುಡುಗನಿಗೆ ಕಂಪನಿಯವರು ಕೊಟ್ಟ ಮೊದಲ ಕೆಲಸ ಅವರ ಬಣ್ಣ ತೆಗೆಯುವುದು. ನಾಟಕ ಮುಗಿಯುವಾಗ ಬೆಳಗಿನ ಜಾವ. ಎಣ್ಣೆಯ ಬಟ್ಟಲು, ಹಳೆಯ ಪಂಚೆಯ ತುಂಡು ಹಿಡಿದು ಹೋಗುವಷ್ಟರಲ್ಲಿ ಅವರು ಟ್ರಂಕಿಗೆ ಒರಗಿ, ದ್ರೌಪದಿಯ ಮುಖದಲ್ಲೇ ನಿದ್ದೆಹೋಗಿರುತ್ತಿದ್ದರು. ‘ಬಣ್ಣದ ಋಣ ತೀರಿಸದೆ ಮಲಗಬಾರದು’ ಎಂಬುದು ಕಂಪನಿಯ ಮಾತು. ಎಲ್ಲರೂ ಹೇಳುತ್ತಿದ್ದರು.

‘‘ನನಗೆ ಎಬ್ಬಿಸಲು ಹೆದರಿಕೆ’’ ಎಂದರು ತಾತ. ‘‘ದೊಡ್ಡವರು, ದಣಿದವರು, ಬೈದಾರು ಅಂತ. ಬಟ್ಟಲು ಪಕ್ಕದಲ್ಲಿಟ್ಟು ನಾನೂ ಮಲಗಿಬಿಡುತ್ತಿದ್ದೆ. ಒಂದು ದಿನವಲ್ಲ, ಎಷ್ಟೋ ದಿನ. ನಲವತ್ತೈದಕ್ಕೇ ಅವರ ಮುಖ ಕಲ್ಲಿನ ಒರಳಿನ ಹಾಗಾಯಿತು. ರಾತ್ರಿ ದೀಪದ ಮುಂದೆ ರಾಣಿ. ಹಗಲು ಹೊತ್ತು ತಲೆಯ ಮೇಲೆ ಟವಲು ಎಳೆದುಕೊಂಡು ಹೋಟೆಲಿನ ಹಿಂಬಾಗಿಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಅದಕ್ಕೆ ಬಣ್ಣವೇ ಕಾರಣವೋ, ನನ್ನ ನಿದ್ದೆಯೇ ಕಾರಣವೋ, ಇಷ್ಟು ವರ್ಷವಾದರೂ ನನಗೆ ತಿಳಿಯಲಿಲ್ಲ.’’

ಹುಡುಗಿ ಏನೂ ಹೇಳಲಿಲ್ಲ. ಡಬ್ಬಿಗಳನ್ನು ಮತ್ತೆ ಕರಪತ್ರಗಳ ಅಡಿಯಲ್ಲಿಟ್ಟು ಪೆಟ್ಟಿಗೆಯನ್ನು ಒಳಕ್ಕೆ ತಳ್ಳಿದಳು. ತನ್ನ ಕೋಣೆಗೆ ಹೋದವಳು ಕನ್ನಡಿಯ ಮೇಲಿನ ದುಪಟ್ಟಾವನ್ನು ತೆಗೆಯಲಿಲ್ಲ. ಅದು ಇನ್ನೂ ಮೂರು ವಾರ ಅಲ್ಲೇ ಇದ್ದಿತು. ಆದರೆ ಮರುದಿನ ಬೆಳಗ್ಗೆ ಗೆಜ್ಜೆಯ ಸದ್ದು ಕೇಳಿಸಿತು.

ವೈದ್ಯೆ ಹೇಳಿದಂತೆಯೇ ಮುಖ ಮೊದಲು ಕೆಟ್ಟಿತು. ಎರಡನೆಯ ವಾರದ ಒಂದು ಸಂಜೆ ಹುಡುಗಿ ಔಷಧದ ಅಂಗಡಿಯವರೆಗೆ ಹೋಗಿ, ಟ್ಯೂಬಿನ ಹೆಸರು ಬಾಯಿಗೆ ಬಂದು, ಪೆಪ್ಪರಮೆಂಟು ಕೊಂಡು ಹಿಂದಿರುಗಿದಳು. ಕಾಲೇಜಿಗೆ ಬರಿಯ ಮುಖದಲ್ಲಿ ಹೋದ ದಿನ ಮೂವರು ‘‘ಏನಾಯಿತೇ?’’ ಎಂದು ಕೇಳಿದರು, ಮರುದಿನ ಒಬ್ಬಳು, ಮೂರನೆಯ ದಿನ ಯಾರೂ ಇಲ್ಲ. ಐದನೆಯ ವಾರದಿಂದ ಹೊಸ ಗುಳ್ಳೆಗಳು ವಿರಳವಾದವು. ಎಂಟನೆಯ ವಾರಕ್ಕೆ ಉರಿ ನಿಂತು ಕಂದು ಕಲೆಗಳು ಉಳಿದವು. ಅತ್ತೆಯವರಿಗೆ ತಾಯಿ ದೀರ್ಘವಾಗಿ ಫೋನು ಮಾಡಿದರು. ಅತ್ತೆಯವರು ಮೊದಲು ಮುನಿದು, ಆಮೇಲೆ ತಾವೂ ಅದನ್ನು ಎರಡು ವರ್ಷದಿಂದ ಹಚ್ಚುತ್ತಿರುವುದಾಗಿ ಸಣ್ಣ ದನಿಯಲ್ಲಿ ಹೇಳಿ, ಆ ವೈದ್ಯೆಯ ವಿಳಾಸ ಕೇಳಿದರು.

ಡಿಸೆಂಬರಿನ ಆ ಸಂಜೆ ಸಭಾಂಗಣ ತುಂಬಿತ್ತು. ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಎರಡು ಗಂಟೆಗಳ ಕಾಲ ಹುಡುಗಿ ಕುಣಿದಳು. ವರ್ಣದ ನಡುವೆ ಒಮ್ಮೆ ತಾಳ ಜಾರುವಂತಾಗಿ ಹಿಡಿದುಕೊಂಡಳು; ಅದು ಗುರುಗಳಿಗೂ ಮೃದಂಗದವರಿಗೂ ಮಾತ್ರ ತಿಳಿಯಿತು. ಮುಂದಿನ ಸಾಲಿನ ಹೆಂಗಸೊಬ್ಬರು ಆಹ್ವಾನಪತ್ರಿಕೆಯನ್ನೂ ರಂಗವನ್ನೂ ನೋಡಿ, ‘‘ಚಿತ್ರದಲ್ಲಿ ಬೇರೆ ಥರ ಕಾಣುತ್ತಾಳೆ, ಅಲ್ಲವೇ?’’ ಎಂದು ಪಕ್ಕದವರಿಗೆ ಹೇಳಿದರು. ಪಕ್ಕದಲ್ಲಿದ್ದವರು ಹುಡುಗಿಯ ತಂದೆ. ‘‘ಹೌದು’’ ಎಂದರು ಅವರು, ಕಣ್ಣು ರಂಗದಿಂದ ತೆಗೆಯದೆ.

ಮಂಗಳವಾಗಿ ಪರದೆ ಬಿದ್ದೊಡನೆ ನೇಪಥ್ಯದಲ್ಲಿ ಸಂತೆ ನೆರೆಯಿತು. ಬಂಧುಗಳು, ಗೆಳತಿಯರು, ಅವರ ಕೈಯಲ್ಲೆಲ್ಲ ದೂರವಾಣಿಗಳು. ಒಬ್ಬರಾದ ಮೇಲೆ ಒಬ್ಬರಿಗೆ ಹುಡುಗಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಆಸೆ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಾತ ಕುಳಿತಿದ್ದರು. ಮಡಿಲಲ್ಲಿ ಒಂದು ಸ್ಟೀಲಿನ ಬಟ್ಟಲು, ಹಳೆಯ ಪಂಚೆಯ ಮೆತ್ತನೆಯ ತುಂಡುಗಳು. ಕೊಬ್ಬರಿ ಎಣ್ಣೆ ಬಣ್ಣವನ್ನು ಚೆನ್ನಾಗಿ ಕರಗಿಸುತ್ತದೆ, ಆದರೆ ಅದೇ ಮುಖದಲ್ಲಿ ಉಳಿದರೆ ಬೆಣೆಯಾಗುತ್ತದೆ, ಎಣ್ಣೆಯ ಹಿಂದೆಯೇ ಸಾಬೂನು ನೀರು ಬೇಕು ಎಂದು ವೈದ್ಯೆ ಹೇಳಿದ್ದರು. ಆದ್ದರಿಂದ ಕುರ್ಚಿಯ ಕಾಲಿನ ಬಳಿ ಒಂದು ಬಕೆಟ್ಟು ಬೆಚ್ಚನೆಯ ನೀರೂ ಇತ್ತು.

‘‘ತಾತ, ಇನ್ನು ಐದೇ ನಿಮಿಷ’’ ಎಂದಳು ಹುಡುಗಿ ಜನರ ನಡುವಿನಿಂದ.

‘‘ಆಗಲಿ.’’

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ಜನ ಕರಗಿದರು. ಹುಡುಗಿ ಬಂದು ಅವರೆದುರಿನ ಮಣೆಯ ಮೇಲೆ ಕುಳಿತು ಗೋಡೆಗೆ ಒರಗಿದಳು. ಒರಗಿದವಳೇ ಕಣ್ಣು ಮುಚ್ಚಿದಳು. ತಾಯಿ, ‘‘ಮಾವ, ಪಾಪ ನಿದ್ದೆಹೋದಳು. ಮನೆಗೆ ಹೋಗಿ ತೊಳೆದರಾಯಿತು’’ ಎಂದರು.

ಮುದುಕರು ಒಂದು ಕ್ಷಣ ಬಟ್ಟಲನ್ನು ಹಿಡಿದು ಸುಮ್ಮನಿದ್ದರು. ಆಮೇಲೆ ಬಾಗಿ ಮೊಮ್ಮಗಳ ಭುಜವನ್ನು ತಟ್ಟಿದರು. ‘‘ಏಳು ಮಗು’’ ಎಂದರು. ಆಕೆ ಏಳಲಿಲ್ಲ. ಮತ್ತೆ ತಟ್ಟಿದರು, ಈ ಸಲ ತುಸು ಜೋರಾಗಿ. ‘‘ಏಳಮ್ಮ. ಬಣ್ಣ ತೆಗೆಯಬೇಕು.’’

ಹುಡುಗಿ ಕಣ್ಣು ಬಿಟ್ಟು, ಮುಖವನ್ನು ಅವರತ್ತ ಎತ್ತಿ ಹಿಡಿದಳು. ನಡುಗುವ ಬೆರಳುಗಳಿಂದ ಅವರು ಹಣೆಯಿಂದ ಕೆಳಕ್ಕೆ, ಉಜ್ಜದೆ, ಒತ್ತಿ ಒತ್ತಿ ಒರಸಿದರು. ಮೊದಲ ತುಂಡು ಬಟ್ಟೆ ಕೆಂಪಾಯಿತು, ಎರಡನೆಯದು ಕಂದಾಯಿತು. ಸಾಬೂನು ನೀರಿನಲ್ಲಿ ಅದ್ದಿದ ಮೂರನೆಯದು ಎಣ್ಣೆಯನ್ನು ತೆಗೆಯಿತು. ಬಣ್ಣದ ಅಡಿಯಿಂದ ಹತ್ತೊಂಬತ್ತು ವರ್ಷದ ಮುಖವೊಂದು, ಕೆನ್ನೆಯಲ್ಲಿ ಮಾಸುತ್ತಿರುವ ಕಲೆಗಳನ್ನೂ ಗಲ್ಲದಲ್ಲಿ ಹೊಸದಾಗಿ ಎದ್ದ ಒಂದು ಸಣ್ಣ ಗುಳ್ಳೆಯನ್ನೂ ಹೊತ್ತು ಹೊರಗೆ ಬಂದಿತು. ತಾತ ನಾಲ್ಕನೆಯ ತುಂಡನ್ನು ಒರಸಿ ನೋಡಿದರು. ಬಟ್ಟೆ ಬೆಳ್ಳಗೇ ಇದ್ದಿತು.

‘‘ಈಗ ಮಲಗು’’ ಎಂದರು.